ಬಾದಾಮಿ ಗಾತ್ರದ ನಾಡು ಮತ್ತು ಅದರ ನಕ್ಷೆ

ಪ್ರಾಮಾಣಿಕ ವ್ಯಾಪಾರಿಯಾದವನು ಅಂಗಡಿಯಲ್ಲಿ ಕುಳಿತು ಎರಡು ಪ್ರಶ್ನೆಗಳನ್ನು ಪ್ರತಿದಿನವೂ ತನಗೆ ತಾನೇ ಹಾಕಿಕೊಳ್ಳಬೇಕಾಗುತ್ತದೆ. ಸರಕು ಎಲ್ಲಿಂದ ಬಂತು? ಅಳತೆ ಸರಿಯಾಗಿದೆಯೇ? ಮೊದಲನೆಯ ಪ್ರಶ್ನೆಯನ್ನು ಮರೆತವನು ಕದ್ದ ಮಾಲನ್ನು ಸರಿಯಾದ ತೂಕದಲ್ಲಿ ಮಾರುತ್ತಾನೆ. ಎರಡನೆಯದನ್ನು ಮರೆತವನು ಒಳ್ಳೆಯ ಮಾಲನ್ನು ಸುಳ್ಳು ತೂಕದಲ್ಲಿ ಮಾರುತ್ತಾನೆ. ಎರಡೂ ದೋಷವೇ. ಜ್ಞಾನದ ವ್ಯವಹಾರಕ್ಕೂ ಈ ಎರಡು ಪ್ರಶ್ನೆಗಳು ಹಾಗೆಯೇ ಅನ್ವಯಿಸುತ್ತವೆ. ಮಾನವನ ಮಿದುಳಿನೊಳಗಿನ ಒಂದು ಪುಟ್ಟ ಭಾಗಕ್ಕೆ ವಿದ್ವಾಂಸರು ಎರಡು ಶತಮಾನಗಳ ಕಾಲ ನಕ್ಷೆ ಬರೆದ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ. ಏಕೆಂದರೆ ಈ ನಕ್ಷೆಯ ಸರಕು ಮನುಷ್ಯನ ದೇಹವೇ ಆಗಿದೆ.

ಆ ಭಾಗದ ಹೆಸರು ಅಮಿಗ್ಡಲ. ಕಿವಿಯ ನೇರಕ್ಕೆ ತುಸು ಮುಂದೆ, ತಲೆಬುರುಡೆಯ ಒಳಗೆ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಅದು ಇದೆ. ಒಂದೊಂದರ ಗಾತ್ರ ಸುಮಾರು ಒಂದೂವರೆ ಘನ ಸೆಂಟಿಮೀಟರು, ಅಂದರೆ ಇಡೀ ಮಿದುಳಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಭಯ, ಆತಂಕ, ಎದುರಿಗಿರುವವನ ಮುಖಭಾವವನ್ನು ಗ್ರಹಿಸುವ ಶಕ್ತಿ, ಕಹಿ ಅನುಭವದ ನೆನಪು ಮುಂತಾದವುಗಳಲ್ಲಿ ಇದರ ಪಾತ್ರ ದೊಡ್ಡದು. ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೂ, ಆತಂಕದ ಕಾಯಿಲೆಯನ್ನು ಅಭ್ಯಾಸ ಮಾಡುವವರಿಗೂ, ಬುದ್ಧಿಮಾಂದ್ಯ, ಆಟಿಸಂ ಮೊದಲಾದ ಸ್ಥಿತಿಗಳ ಮೂಲವನ್ನು ಹುಡುಕುವವರಿಗೂ ಇದರ ಒಳರಚನೆಯ ತಿಳಿವಳಿಕೆ ಬೇಕಾಗಿದೆ.

ಹೆಸರು ಬಂದ ಬಗೆ

ಕಾರ್ಲ್ ಫ್ರೀಡ್ರಿಕ್ ಬುರ್ಡಾಖ್ ಎಂಬ ಜರ್ಮನ್ ಅಂಗರಚನಾ ಶಾಸ್ತ್ರಜ್ಞರು ಬಾಲ್ಟಿಕ್ ಸಮುದ್ರತೀರದ ಕೋನಿಗ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಮಿದುಳಿನ ರಚನೆ ಮತ್ತು ಜೀವನವನ್ನು ಕುರಿತ ಅವರ ಗ್ರಂಥ 1819ರಿಂದ 1826ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಮಿದುಳಿನ ಪಾರ್ಶ್ವಭಾಗವನ್ನು ಕತ್ತಿಯಿಂದ ಸೀಳಿ ನೋಡಿದಾಗ ಬಿಳಿಯ ನಾರುಗಳ ನಡುವೆ ಕಾಣಿಸಿದ ಬೂದುಬಣ್ಣದ ಗಂಟಿಗೆ ಅವರು ಬಾದಾಮಿ ಎಂಬ ಅರ್ಥದ ಹೆಸರನ್ನು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಬಾದಾಮಿಗೆ ಇರುವ ಹೆಸರೇ ಅಮಿಗ್ಡಲ. ಅವರ ಕೈಯಲ್ಲಿದ್ದುದು ಕತ್ತಿ ಮತ್ತು ಬರಿಗಣ್ಣು ಮಾತ್ರ. ಆದ್ದರಿಂದ ಅವರು ಬಾದಾಮಿ ಎಂದು ಗುರುತಿಸಿದ್ದು ಇಂದು ಅಮಿಗ್ಡಲ ಎನ್ನಿಸಿಕೊಳ್ಳುವ ಪ್ರದೇಶದ ಒಂದು ಭಾಗವನ್ನಷ್ಟೇ. ಅಕ್ಕಪಕ್ಕದ ಇತರ ಕೋಶಸಮೂಹಗಳನ್ನು ಅನಂತರದವರು ಒಂದೊಂದಾಗಿ ಅದೇ ಹೆಸರಿನ ಕೆಳಗೆ ಸೇರಿಸುತ್ತ ಬಂದರು. ಹೆಸರು ಮೊದಲು ಬಂತು, ಎಲ್ಲೆಗಳು ಆಮೇಲೆ ಬಂದವು. ಮುಂದಿನ ವಿವಾದಗಳ ಬೀಜ ಇಲ್ಲಿಯೇ ಇದೆ.

ಬಣ್ಣ ಹಿಡಿದ ಕೋಶಗಳು

ಮಿದುಳಿನ ತೆಳುವಾದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟ ಮಾತ್ರಕ್ಕೆ ಏನೂ ಕಾಣುವುದಿಲ್ಲ. ಎಲ್ಲವೂ ಮಸುಕು, ಎಲ್ಲವೂ ಒಂದೇ ಬಣ್ಣ. ಕೋಶಗಳು ಕಣ್ಣಿಗೆ ಕಾಣಬೇಕಾದರೆ ಅವು ಬಣ್ಣ ಹಿಡಿಯಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದಕ್ಕೆ ಎರಡು ದಾರಿಗಳು ತೆರೆದವು.

ಮೊದಲನೆಯದು ಇಟಲಿಯಲ್ಲಿ. ಕಮಿಲ್ಲೊ ಗಾಲ್ಜಿ ಅವರು ಅಬ್ಬಿಯಾತೆಗ್ರಾಸೊ ಎಂಬ ಸಣ್ಣ ಊರಿನಲ್ಲಿ ವಾಸಿಯಾಗದ ರೋಗಿಗಳ ಆಸ್ಪತ್ರೆಯ ವೈದ್ಯರಾಗಿದ್ದರು. ಅಲ್ಲಿನ ಅಡುಗೆಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, 1873ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್‌ಗಳನ್ನು ಬಳಸಿ ನರಕೋಶಗಳನ್ನು ಕಪ್ಪಾಗಿಸುವ ವಿಧಾನವನ್ನು ಅವರು ಪ್ರಕಟಿಸಿದರು. ಇದರಲ್ಲಿ ನೂರಾರು ಕೋಶಗಳ ನಡುವೆ ಕೆಲವೇ ಕೆಲವು ಬಣ್ಣ ಹಿಡಿಯುತ್ತವೆ. ಆದರೆ ಹಿಡಿದ ಕೋಶ ತನ್ನ ಕೊಂಬೆ ರೆಂಬೆಗಳೊಡನೆ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಸ್ಪೇನಿನ ಸಾಂಟಿಯಾಗೊ ರಾಮೊನ್ ಇ ಕಹಾಲ್ ಅವರು ಈ ವಿಧಾನವನ್ನು ಇನ್ನೂ ಉತ್ತಮಪಡಿಸಿದರು. 1906ರ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿಕೆಯಾಯಿತು. ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡ ಜಾಲವೆಂದು ಗಾಲ್ಜಿ, ಪ್ರತಿಯೊಂದು ಕೋಶವೂ ಪ್ರತ್ಯೇಕವೆಂದು ಕಹಾಲ್, ಹೀಗೆ ಬಹುಮಾನದ ವೇದಿಕೆಯ ಮೇಲೂ ಅವರ ಭಿನ್ನಾಭಿಪ್ರಾಯ ಮುಂದುವರಿಯಿತು. ಕಹಾಲರ ಪಕ್ಷವೇ ಸರಿಯೆಂದು ಕಾಲ ತೋರಿಸಿತು.

ಎರಡನೆಯ ದಾರಿ ಜರ್ಮನಿಯಲ್ಲಿ ತೆರೆಯಿತು. ಫ್ರಾಂಟ್ಸ್ ನಿಸ್ಲ್ ಅವರು ಮ್ಯೂನಿಕ್‌ನಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, 1884ರ ಸುಮಾರಿಗೆ, ಬಟ್ಟೆಗೆ ಹಾಕುವ ಬಣ್ಣಗಳ ಜಾತಿಗೆ ಸೇರಿದ ಅನಿಲೀನ್ ಬಣ್ಣಗಳಿಂದ ನರಕೋಶದ ಒಡಲನ್ನು ರಂಗೇರಿಸುವ ವಿಧಾನವನ್ನು ಕಂಡುಕೊಂಡರು. ಇದರಲ್ಲಿ ಕೊಂಬೆಗಳು ಕಾಣುವುದಿಲ್ಲ, ಆದರೆ ಎಲ್ಲ ಕೋಶಗಳ ಒಡಲೂ ಕಾಣುತ್ತದೆ. ಗಾಲ್ಜಿ ವಿಧಾನ ಒಂದು ಮನೆಯಿಂದ ಹೊರಡುವ ದಾರಿಗಳನ್ನೆಲ್ಲ ತೋರಿಸಿದರೆ, ನಿಸ್ಲ್ ವಿಧಾನ ಊರಿನ ಮನೆಗಳನ್ನೆಲ್ಲ ತೋರಿಸುತ್ತದೆ ಎನ್ನಬಹುದು. ಯಾವ ಕೇರಿಯಲ್ಲಿ ಮನೆಗಳು ಒತ್ತೊತ್ತಾಗಿವೆ, ಎಲ್ಲಿ ವಿರಳವಾಗಿವೆ, ಎಲ್ಲಿ ದೊಡ್ಡವು, ಎಲ್ಲಿ ಸಣ್ಣವು ಎಂಬುದನ್ನು ಗಮನಿಸಿ ಕೇರಿಗಳ ಗಡಿಯನ್ನು ಗುರುತಿಸುವಂತೆ, ಕೋಶಗಳ ಗಾತ್ರ ಮತ್ತು ಸಾಂದ್ರತೆಯನ್ನು ನೋಡಿ ಮಿದುಳನ್ನು ವಿಭಾಗಿಸುವ ಶಾಸ್ತ್ರ ಹುಟ್ಟಿಕೊಂಡಿತು. ಕಾರ್ಬಿನಿಯನ್ ಬ್ರಾಡ್ಮನ್ ಅವರು 1909ರಲ್ಲಿ ಪ್ರಕಟಿಸಿದ ಮಿದುಳಿನ ಹೊರಪದರದ ನಕ್ಷೆ ಈ ಶಾಸ್ತ್ರದ ಅತ್ಯಂತ ಪ್ರಸಿದ್ಧ ಫಲ.

ಗಡಿಗಳ ವಿವಾದ

ಅಮಿಗ್ಡಲ ಹೊರಪದರದಷ್ಟು ಸುಲಭವಾಗಿ ಈ ಶಾಸ್ತ್ರಕ್ಕೆ ಒಲಿಯಲಿಲ್ಲ. ಹೊರಪದರದಲ್ಲಿ ಕೋಶಗಳು ಪದರು ಪದರಾಗಿ ಜೋಡಿಸಿಕೊಂಡಿರುತ್ತವೆ. ಅಮಿಗ್ಡಲದಲ್ಲಿ ಅವು ಗುಚ್ಛಗಳಾಗಿ ಒಂದರ ಮಗ್ಗುಲಲ್ಲಿ ಒಂದು ತೂರಿಕೊಂಡಿವೆ. ಒಂದು ಗುಚ್ಛ ಮುಗಿಯಿತೇ, ಇನ್ನೊಂದು ಆರಂಭವಾಯಿತೇ ಎಂದು ನಿರ್ಣಯಿಸುವುದು ಅನುಭವಿ ಕಣ್ಣಿಗೂ ಕಷ್ಟ.

1923ರಲ್ಲಿ ಅಮೆರಿಕದ ಜೆ. ಬಿ. ಜಾನ್‌ಸ್ಟನ್ ಅವರು ನಾನಾ ಪ್ರಾಣಿಗಳ ಮಿದುಳುಗಳನ್ನು ಹೋಲಿಸಿ, ಈ ಗುಚ್ಛಗಳನ್ನು ಎರಡು ವರ್ಗ ಮಾಡಿದರು. ಕೇಂದ್ರ, ಮಧ್ಯ ಮತ್ತು ಮೇಲ್ಪದರದ ಗುಚ್ಛಗಳು ವಿಕಾಸದಲ್ಲಿ ಹಳೆಯವು. ಪಾರ್ಶ್ವ, ತಳ ಮತ್ತು ಉಪತಳ ಗುಚ್ಛಗಳು ಹೊಸವು. ಈ ವಿಂಗಡಣೆಯ ಚೌಕಟ್ಟು ಇಂದಿಗೂ ಉಳಿದುಕೊಂಡಿದೆ. ಮಾನವನ ಅಮಿಗ್ಡಲವನ್ನೇ ವಿವರವಾಗಿ ಪರೀಕ್ಷಿಸಿದವರಲ್ಲಿ ಜರ್ಮನಿಯ ಬ್ರಾಕ್‌ಹೌಸ್ ಅವರ 1938ರ ಪ್ರಬಂಧವೂ, ಅಮೆರಿಕದ ಎಲಿಜಬೆತ್ ಕ್ರಾಸ್ಬಿ ಮತ್ತು ಟ್ರೈಫೀನಾ ಹಂಫ್ರಿ ಎಂಬ ಇಬ್ಬರು ವಿದುಷಿಯರ 1941ರ ಪ್ರಬಂಧವೂ ಮುಖ್ಯವಾದವು. ಆದರೆ ಒಬ್ಬರು ಕೊಟ್ಟ ಹೆಸರು ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಒಬ್ಬರು ಒಂದೆಂದು ಎಣಿಸಿದ್ದನ್ನು ಇನ್ನೊಬ್ಬರು ಮೂರಾಗಿ ಒಡೆದರು. ಒಂದೇ ಜಮೀನಿಗೆ ಬೇರೆ ಬೇರೆ ಸರ್ವೇ ನಂಬರುಗಳಿದ್ದಂತೆ ಒಂದೇ ಗುಚ್ಛಕ್ಕೆ ಹಲವು ಹೆಸರುಗಳು ಗ್ರಂಥಗಳಲ್ಲಿ ಸೇರಿಕೊಂಡವು.

ವಿವಾದ ಎಷ್ಟು ಆಳಕ್ಕೆ ಹೋಯಿತೆಂದರೆ, 1998ರಲ್ಲಿ ಲ್ಯಾರಿ ಸ್ವಾನ್ಸನ್ ಮತ್ತು ಗೊರಿತ್ಸಾ ಪೆಟ್ರೊವಿಚ್ ಅವರು ಅಮಿಗ್ಡಲ ಎಂದರೇನು ಎಂಬ ಮೂಲಭೂತ ಪ್ರಶ್ನೆಯನ್ನೇ ಎತ್ತಿದರು. ರಚನೆಯ ದೃಷ್ಟಿಯಿಂದಾಗಲಿ ಕಾರ್ಯದ ದೃಷ್ಟಿಯಿಂದಾಗಲಿ ಇದು ಒಂದೇ ಅಂಗವಲ್ಲ. ಬೇರೆ ಬೇರೆ ವ್ಯವಸ್ಥೆಗಳಿಗೆ ಸೇರಿದ ಭಾಗಗಳನ್ನು ಒಂದು ಹೆಸರಿನ ಕೆಳಗೆ ಕೂಡಿಹಾಕಲಾಗಿದೆ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಲಿಲ್ಲ. ಆದರೂ ಬುರ್ಡಾಖ್ ಅವರು ಕೊಟ್ಟ ಹೆಸರೇ ಒಂದು ವಸ್ತುವಿನ ಭ್ರಮೆಯನ್ನು ಹುಟ್ಟಿಸಿರಬಹುದು ಎಂಬ ಎಚ್ಚರ ಈ ವಾದದಿಂದ ಶಾಸ್ತ್ರಕ್ಕೆ ದೊರೆಯಿತು.

ಇವೆಲ್ಲ ಅಳತೆಯ ಪ್ರಶ್ನೆಗಳು. ಈ ನಡುವೆ ಯೂರೋಪಿನಲ್ಲಿ ಸರಕಿನ ಪ್ರಶ್ನೆ ಅತ್ಯಂತ ಭೀಕರ ರೂಪದಲ್ಲಿ ಎದ್ದಿತ್ತು.

ಕೊಡದೆ ತೆಗೆದುಕೊಂಡದ್ದು

ಮಿದುಳಿನ ಸೂಕ್ಷ್ಮ ನಕ್ಷೆಯ ಶಾಸ್ತ್ರಕ್ಕೆ ಬರ್ಲಿನ್ ತವರುಮನೆ. ಆಸ್ಕರ್ ಫೋಗ್ಟ್ ಮತ್ತು ಅವರ ಪತ್ನಿ ಸೆಸಿಲ್ ಫೋಗ್ಟ್ ಅಲ್ಲಿ ಈ ವಿದ್ಯೆಯನ್ನು ಕಟ್ಟಿ ಬೆಳೆಸಿದರು. ಬ್ರಾಡ್ಮನ್ ಅವರು ದುಡಿದದ್ದು ಈ ದಂಪತಿಗಳ ಬಳಿಯಲ್ಲಿಯೇ. ಬ್ರಾಕ್‌ಹೌಸ್ ಅವರ ಅಮಿಗ್ಡಲದ ಪ್ರಬಂಧ ಅಚ್ಚಾದುದೂ ಫೋಗ್ಟ್ ಅವರ ಪತ್ರಿಕೆಯಲ್ಲಿ. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಫೋಗ್ಟ್ ದಂಪತಿಗಳು ಅವರ ಕಣ್ಣಿಗೆ ಬೇಡವಾದರು. ಬರ್ಲಿನ್-ಬುಖ್‌ನ ಕೈಸರ್ ವಿಲ್ಹೆಲ್ಮ್ ಮಿದುಳು ಸಂಶೋಧನಾ ಸಂಸ್ಥೆಯಿಂದ ಅವರು ಹೊರಬೀಳಬೇಕಾಯಿತು. 1937ರಲ್ಲಿ ಅವರು ಕಪ್ಪು ಅರಣ್ಯ ಪ್ರದೇಶದ ನಾಯ್‌ಸ್ಟಾಟ್ ಎಂಬ ಊರಿಗೆ ಹೋಗಿ ಬೇರೊಂದು ಸಂಸ್ಥೆಯನ್ನು ನಡೆಸಿದರು.

ಬರ್ಲಿನ್ ಸಂಸ್ಥೆಯ ಹೊಣೆ ಹ್ಯೂಗೊ ಸ್ಪಾಟ್ಸ್ ಅವರ ಕೈಗೆ ಬಂತು. ಯೂಲಿಯಸ್ ಹಾಲರ್‌ಫೋರ್ಡನ್ ಎಂಬ ರೋಗಶಾಸ್ತ್ರಜ್ಞರು 1938ರಲ್ಲಿ ಅಲ್ಲಿ ಸೇರಿದರು. 1940 ಮತ್ತು 1941ರಲ್ಲಿ ನಾಜಿ ಸರ್ಕಾರ ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಬದುಕಲು ಅನರ್ಹರೆಂದು ಹೆಸರಿಸಿ ಅನಿಲಕೊಠಡಿಗಳಲ್ಲಿ ಕೊಲ್ಲಿಸಿತು. ಆ ಎರಡು ವರ್ಷಗಳಲ್ಲಿ ಹೀಗೆ ಸತ್ತವರು 70,000ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೂ ಇದ್ದರು. ಕೊಲೆಯಾದವರ ಮಿದುಳುಗಳಲ್ಲಿ ಸುಮಾರು 700 ಹಾಲರ್‌ಫೋರ್ಡನ್ ಅವರ ಸಂಗ್ರಹಕ್ಕೆ ಬಂದವು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಅಮೆರಿಕದ ಸೇನೆಯ ಪರವಾಗಿ ವಿಚಾರಣೆಗೆ ಬಂದ ವೈದ್ಯ ಲಿಯೊ ಅಲೆಕ್ಸಾಂಡರ್ ಅವರ ಮುಂದೆ ಹಾಲರ್‌ಫೋರ್ಡನ್ ಇದನ್ನು ಮುಚ್ಚಿಡಲಿಲ್ಲ. ಮಿದುಳುಗಳು ಎಲ್ಲಿಂದ ಬಂದವು, ಹೇಗೆ ಬಂದವು ಎಂಬುದು ತಮಗೆ ಸಂಬಂಧಿಸಿದ ವಿಷಯವೇ ಅಲ್ಲವೆಂಬುದು ಅವರ ನಿಲುವಾಗಿತ್ತು.

ಸರಕು ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಆ ವೈದ್ಯರ ಸೂಕ್ಷ್ಮದರ್ಶಕ ನಿಖರವಾಗಿತ್ತು. ಅವರ ಬಣ್ಣ ಹಾಕುವ ವಿಧಾನದಲ್ಲಿ ದೋಷವಿರಲಿಲ್ಲ. ಅಳತೆ ಸರಿಯಾಗಿದ್ದೂ ವ್ಯವಹಾರ ಪಾಪದ್ದಾಗಿತ್ತು. ಅವರು ಸ್ವತಃ ಯಾರನ್ನೂ ಕೊಲ್ಲಲಿಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಕೊಂದವರಿಂದ ಪಡೆಯುವವನಿದ್ದಾನೆ ಎಂಬುದು ಕೊಲ್ಲುವವನಿಗೆ ಅನುಮೋದನೆಯೇ ಆಗುತ್ತದೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಈ ಮೂರರ ನಡುವಿನ ಅಂತರ ಇಲ್ಲಿ ಬಹಳ ತೆಳುವಾಗುತ್ತದೆ.

ಯುದ್ಧಾನಂತರವೂ ಆ ಗಾಜಿನ ತುಣುಕುಗಳು ದಶಕಗಳ ಕಾಲ ಪ್ರಯೋಗಶಾಲೆಗಳ ಕಪಾಟುಗಳಲ್ಲಿ ಉಳಿದುಕೊಂಡವು. ಕೈಸರ್ ವಿಲ್ಹೆಲ್ಮ್ ಸಂಸ್ಥೆಯ ಉತ್ತರಾಧಿಕಾರಿಯಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ 1990ರಲ್ಲಿ ಅವುಗಳನ್ನು ಮ್ಯೂನಿಕ್‌ನ ವಾಲ್ಡ್‌ಫ್ರೀಡ್‌ಹೋಫ್ ಸ್ಮಶಾನದಲ್ಲಿ ಗೌರವಪೂರ್ವಕವಾಗಿ ಹೂಳಿಸಿತು. ಎಲ್ಲವೂ ಅಲ್ಲಿಗೆ ಮುಗಿಯಲಿಲ್ಲ. ಅನಂತರವೂ ಇನ್ನಷ್ಟು ತುಣುಕುಗಳು ಪತ್ತೆಯಾದವು. ಸತ್ತವರ ಹೆಸರುಗಳನ್ನು ಗುರುತಿಸುವ ಸಂಶೋಧನಾ ಯೋಜನೆಯೊಂದು 2017ರಲ್ಲಿ ಆರಂಭವಾಯಿತು. ಸ್ಪಾಟ್ಸ್ ಮತ್ತು ಹಾಲರ್‌ಫೋರ್ಡನ್ ಅವರ ಹೆಸರು ಹೊತ್ತಿದ್ದ ಮಿದುಳಿನ ರೋಗವೊಂದಕ್ಕೆ ವೈದ್ಯಲೋಕ ಬೇರೆ ಹೆಸರನ್ನು ರೂಢಿಗೆ ತಂದಿತು.

ಹತ್ತು ಮಿದುಳುಗಳ ನಕ್ಷೆ

ಫೋಗ್ಟ್ ದಂಪತಿಗಳ ಪರಂಪರೆ ಅಳಿಯಲಿಲ್ಲ. ಅವರ ಹೆಸರಿನ ಮಿದುಳು ಸಂಶೋಧನಾ ಸಂಸ್ಥೆ ಡ್ಯುಸೆಲ್‌ಡಾರ್ಫ್ ವಿಶ್ವವಿದ್ಯಾಲಯದಲ್ಲಿ ಮುಂದುವರಿಯಿತು. ಅಲ್ಲಿನವರು ಮತ್ತು ಸಮೀಪದ ಯೂಲಿಕ್ ಸಂಶೋಧನಾ ಕೇಂದ್ರದವರು ಸೇರಿ, ಕಾಟ್ರಿನ್ ಆಮುಂಟ್ಸ್ ಮತ್ತು ಕಾರ್ಲ್ ಜಿಲ್ಲೆಸ್ ಮೊದಲಾದವರ ನೇತೃತ್ವದಲ್ಲಿ, 2005ರಲ್ಲಿ ಮಾನವ ಅಮಿಗ್ಡಲದ ಹೊಸ ಬಗೆಯ ನಕ್ಷೆಯನ್ನು ಪ್ರಕಟಿಸಿದರು. ಇದರಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರವಿರುವುದು ಗಮನಾರ್ಹ.

ಸರಕು ಎಲ್ಲಿಂದ ಬಂತು? ಐದು ಮಂದಿ ಗಂಡಸರು, ಐದು ಮಂದಿ ಹೆಂಗಸರು, ಒಟ್ಟು ಹತ್ತು ಜನರ ಮಿದುಳುಗಳು. ಇವು ವಿಶ್ವವಿದ್ಯಾಲಯದ ದೇಹದಾನ ವ್ಯವಸ್ಥೆಯ ಮೂಲಕ ದೊರೆತವು. ಬದುಕಿದ್ದಾಗ ತಾವಾಗಿಯೇ ಒಪ್ಪಿ ಕೊಟ್ಟವರ ದೇಹಗಳು ಅವು.

ಅಳತೆ ಹೇಗೆ? ಒಂದೊಂದು ಮಿದುಳನ್ನೂ ಕತ್ತರಿಸುವ ಮೊದಲು ಎಂ.ಆರ್.ಐ. ಯಂತ್ರದಲ್ಲಿ ಚಿತ್ರ ತೆಗೆಯಲಾಯಿತು. ಬಳಿಕ ಮೇಣದಲ್ಲಿ ಹುದುಗಿಸಿ, 20 ಮೈಕ್ರೊಮೀಟರ್ ದಪ್ಪದ, ಅಂದರೆ ಒಂದು ಮಿಲಿಮೀಟರಿನಲ್ಲಿ ಐವತ್ತು ಬರುವಂಥ ತೆಳು ಪದರುಗಳಾಗಿ ಕೊಯ್ಯಲಾಯಿತು. ಕೊಯ್ಯುವಾಗಲೂ ಬಣ್ಣ ಹಾಕುವಾಗಲೂ ಪದರುಗಳು ಸುಕ್ಕುಗಟ್ಟುತ್ತವೆ, ಕುಗ್ಗುತ್ತವೆ. ಆ ವ್ಯತ್ಯಾಸವನ್ನು ಮೊದಲೇ ತೆಗೆದಿಟ್ಟ ಚಿತ್ರದೊಡನೆ ಹೋಲಿಸಿ ಗಣಕಯಂತ್ರದ ಸಹಾಯದಿಂದ ಸರಿಪಡಿಸಲಾಯಿತು. ಸೂಕ್ಷ್ಮದರ್ಶಕದಲ್ಲಿ ಕಂಡ ಗುಚ್ಛಗಳನ್ನು ಪಾರ್ಶ್ವ-ತಳ, ಕೇಂದ್ರ-ಮಧ್ಯ ಮತ್ತು ಮೇಲ್ಪದರ ಎಂಬ ಮೂರು ಗುಂಪುಗಳಾಗಿ ಗುರುತಿಸಲಾಯಿತು.

ಮುಖ್ಯವಾದ ಸಂಗತಿ ಮುಂದಿನದು. ಹಿಂದಿನ ನಕ್ಷೆಗಳು ಒಂದೆರಡು ಮಿದುಳುಗಳನ್ನು ನೋಡಿ, ಎಲ್ಲ ಮನುಷ್ಯರ ಮಿದುಳೂ ಹೀಗೆಯೇ ಎಂದು ಗೆರೆ ಎಳೆಯುತ್ತಿದ್ದವು. 2005ರ ನಕ್ಷೆ ಹಾಗೆ ಹೇಳಲಿಲ್ಲ. ಹತ್ತು ಮಿದುಳುಗಳನ್ನು ಒಂದೇ ಅಳತೆಯ ಚೌಕಟ್ಟಿಗೆ ತಂದು, ಪ್ರತಿಯೊಂದು ಬಿಂದುವಿನಲ್ಲಿಯೂ ಹತ್ತರಲ್ಲಿ ಎಷ್ಟು ಮಿದುಳುಗಳು ಈ ಗುಚ್ಛವನ್ನು ಹೊಂದಿದ್ದವು ಎಂಬುದನ್ನು ಲೆಕ್ಕ ಹಾಕಿತು. ಹತ್ತಕ್ಕೆ ಹತ್ತೂ ಒಪ್ಪಿದ ಜಾಗ ಒಂದು ಬಣ್ಣ, ಮೂರು ಮಾತ್ರ ಒಪ್ಪಿದ ಜಾಗ ಇನ್ನೊಂದು ಬಣ್ಣ. ಇದು ಸಂಭಾವ್ಯತೆಯ ನಕ್ಷೆ. ಗಡಿಯ ಬಳಿ ಖಚಿತತೆ ಕಡಿಮೆಯೆಂಬುದನ್ನು ನಕ್ಷೆಯೇ ಒಪ್ಪಿಕೊಳ್ಳುತ್ತದೆ. ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸವನ್ನು ದೋಷವೆಂದು ಅಳಿಸಿಹಾಕದೆ, ಅದನ್ನೂ ಅಳತೆಯ ಒಂದು ಭಾಗವೆಂದು ದಾಖಲಿಸಿದ್ದೇ ಇದರ ಪ್ರಾಮಾಣಿಕತೆ. ಮನುಷ್ಯನಲ್ಲಿ ಯೋಗ್ಯ, ಅಯೋಗ್ಯ ಎಂದು ಒಂದೇ ಗೆರೆ ಎಳೆದವರ ನಾಡಿನಲ್ಲಿಯೇ ಇಂಥ ನಕ್ಷೆ ಹುಟ್ಟಿದ್ದು ಇತಿಹಾಸದ ಒಂದು ತಿರುವು.

ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 2013ರಲ್ಲಿ ಯೂಲಿಕ್ ಮತ್ತು ಕೆನಡಾದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯವರು 65 ವರ್ಷದ ಒಬ್ಬ ವ್ಯಕ್ತಿಯ ಇಡೀ ಮಿದುಳನ್ನು 7,404 ಪದರುಗಳಾಗಿ ಕೊಯ್ದು, ಗಣಕಯಂತ್ರದಲ್ಲಿ ಮತ್ತೆ ಜೋಡಿಸಿ ಪ್ರಕಟಿಸಿದರು. 2020ರಲ್ಲಿ 23 ಮಿದುಳುಗಳನ್ನು ಆಧರಿಸಿದ ಯೂಲಿಕ್ ನಕ್ಷಾಸಂಪುಟ ಹೊರಬಂತು. ಇವುಗಳನ್ನು ಯಾವ ದೇಶದ ಸಂಶೋಧಕನಾದರೂ ಉಚಿತವಾಗಿ ನೋಡಬಹುದು. ದಾನವಾಗಿ ಬಂದದ್ದರ ಫಲ ಎಲ್ಲರಿಗೂ ಸಲ್ಲಬೇಕೆಂಬ ನ್ಯಾಯ ಇದರಲ್ಲಿದೆ.

ಕೋಶಗಳ ಎಣಿಕೆ

ಗಡಿ ಗುರುತಿಸಿದ ಮೇಲೆ ಜನಗಣತಿ ನಡೆಯಬೇಕಷ್ಟೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಂಥಿಯಾ ಶೂಮನ್ ಮತ್ತು ಡೇವಿಡ್ ಅಮರಲ್ ಅವರು 2005ರಲ್ಲಿ ಮಾನವ ಅಮಿಗ್ಡಲದ ನರಕೋಶಗಳ ಎಣಿಕೆಯನ್ನು ಪ್ರಕಟಿಸಿದರು. ಒಂದೊಂದನ್ನೂ ಎಣಿಸುವುದು ಆಗದ ಮಾತು. ಮಂಡಿಯಲ್ಲಿ ಮೂಟೆಯ ನಾನಾ ಕಡೆ ಚುಚ್ಚಿ ಕಾಳು ತೆಗೆದು ಇಡೀ ಮೂಟೆಯ ಗುಣವನ್ನು ತಿಳಿಯುವ ಪದ್ಧತಿಯಂತೆ, ನಿಯತ ಅಂತರದಲ್ಲಿ ಆರಿಸಿದ ಸಣ್ಣ ಸಣ್ಣ ಜಾಗಗಳಲ್ಲಿ ಕೋಶಗಳನ್ನು ಎಣಿಸಿ ಒಟ್ಟು ಮೊತ್ತವನ್ನು ಅಂದಾಜು ಮಾಡುವ ಗಣಿತ ವಿಧಾನವನ್ನು ಅವರು ಅನುಸರಿಸಿದರು. ಕಾಳನ್ನು ಮೂಟೆಯ ಬಾಯಿಂದ ಮಾತ್ರ ತೆಗೆದರೆ ಮೋಸ ಹೋಗಬಹುದು. ಆದ್ದರಿಂದ ಆಯ್ಕೆಯಲ್ಲಿ ಪಕ್ಷಪಾತ ನುಸುಳದಂತೆ ನೋಡಿಕೊಳ್ಳುವುದೇ ಈ ವಿಧಾನದ ಜೀವಾಳ.

ಅವರ ಲೆಕ್ಕದಂತೆ ಒಂದು ಪಾರ್ಶ್ವದ ಅಮಿಗ್ಡಲದಲ್ಲಿ ಸರಾಸರಿ 1 ಕೋಟಿ 22 ಲಕ್ಷ ನರಕೋಶಗಳಿವೆ. ಪಾರ್ಶ್ವ ಗುಚ್ಛದಲ್ಲಿ 40 ಲಕ್ಷ, ತಳ ಗುಚ್ಛದಲ್ಲಿ ಸುಮಾರು 32 ಲಕ್ಷ, ಉಪತಳ ಗುಚ್ಛದಲ್ಲಿ ಸುಮಾರು 13 ಲಕ್ಷ, ಕೇಂದ್ರ ಗುಚ್ಛದಲ್ಲಿ 3 ಲಕ್ಷ 60 ಸಾವಿರ, ಉಳಿದವುಗಳಲ್ಲಿ ಸುಮಾರು 33 ಲಕ್ಷ. ಭಯದ ಸಂದೇಶವನ್ನು ಹೃದಯ, ಉಸಿರು, ಬೆವರು ಮುಂತಾದವುಗಳಿಗೆ ತಲಪಿಸುವ ಮುಖ್ಯ ದ್ವಾರ ಕೇಂದ್ರ ಗುಚ್ಛ. ಎಣಿಕೆಯಲ್ಲಿ ಅದೇ ಅತ್ಯಲ್ಪ.

ಮರುವರ್ಷ ಇದೇ ವಿದ್ವಾಂಸರು ಆಟಿಸಂ ಇದ್ದವರ ಅಮಿಗ್ಡಲದಲ್ಲಿ ಕೋಶಗಳ ಸಂಖ್ಯೆ ಕಡಿಮೆಯಿರುವುದನ್ನು ತೋರಿಸಿದರು. 2018ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಹೊರಬಂದ ಇನ್ನೊಂದು ಅಧ್ಯಯನ 52 ಮಿದುಳುಗಳನ್ನು ಪರಿಶೀಲಿಸಿ, ಸಾಮಾನ್ಯವಾಗಿ ಬಾಲ್ಯದಿಂದ ಪ್ರಾಯದವರೆಗೆ ಅಮಿಗ್ಡಲದಲ್ಲಿ ಬಲಿತ ನರಕೋಶಗಳ ಸಂಖ್ಯೆ ಹೆಚ್ಚುತ್ತದೆ, ಆಟಿಸಂ ಇದ್ದವರಲ್ಲಿ ಹಾಗೆ ಹೆಚ್ಚುವುದಿಲ್ಲ ಎಂದು ತಿಳಿಸಿತು. ಆ 52ರಲ್ಲಿ ಮಕ್ಕಳ ಮಿದುಳುಗಳೂ ಸೇರಿದ್ದವು. ಮಗುವನ್ನು ಕಳೆದುಕೊಂಡ ತಂದೆತಾಯಿಗಳು ದುಃಖದ ಆ ಗಳಿಗೆಯಲ್ಲಿ ಒಪ್ಪಿಗೆಯ ಸಹಿ ಹಾಕದಿದ್ದರೆ ಈ ಅಂಕಿಗಳು ಹುಟ್ಟುತ್ತಿರಲಿಲ್ಲ. ವಿಜ್ಞಾನದ ಪತ್ರಿಕೆಯಲ್ಲಿ ಅದು ಒಂದು ಕೋಷ್ಟಕದ ಒಂದು ಸಾಲು ಮಾತ್ರ.

ಮೂಕಪ್ರಾಣಿಗಳ ಪಾಲು

ಮಾನವನ ಅಮಿಗ್ಡಲದ ರಚನೆ ಸತ್ತವರ ದಾನದಿಂದ ತಿಳಿಯಿತು. ಅದರ ಕಾರ್ಯ ಹೇಗೆ ತಿಳಿಯಿತು? ಇಲ್ಲಿ ಸರಕಿನ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. 1930ರ ದಶಕದ ಕೊನೆಯಲ್ಲಿ ಷಿಕಾಗೊದ ಹೈನ್ರಿಕ್ ಕ್ಲೂವರ್ ಮತ್ತು ಪಾಲ್ ಬ್ಯೂಸಿ ಅವರು ಕೋತಿಗಳ ಮಿದುಳಿನ ಪಾರ್ಶ್ವಭಾಗಗಳನ್ನು ತೆಗೆದುಹಾಕಿದಾಗ, ಅವು ಹಾವಿಗೂ ಮನುಷ್ಯನಿಗೂ ಹೆದರದಂತಾದುವು. 1956ರಲ್ಲಿ ಲಾರೆನ್ಸ್ ವೈಸ್‌ಕ್ರಾಂಟ್ಸ್ ಅವರು ಅಮಿಗ್ಡಲವನ್ನು ಕುರಿತೇ ಅಂಥ ಪ್ರಯೋಗಗಳನ್ನು ಪ್ರಕಟಿಸಿದರು.

ಬೆಂಗಳೂರಿನಲ್ಲಿ ನಡೆದ ಒಂದು ಅಧ್ಯಯನವೂ ಈ ಇತಿಹಾಸದಲ್ಲಿ ಪ್ರಮುಖ ಸ್ಥಾನ ಪಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿ ಮತ್ತು ಅವರ ಸಹೋದ್ಯೋಗಿಗಳು ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರೊಡನೆ ಸೇರಿ 2002ರಲ್ಲಿ ಇದನ್ನು ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಟ್ಟು, ಬಳಿಕ ಮಿದುಳಿನ ಕೋಶಗಳನ್ನು ಅದೇ ಹಳೆಯ ಗಾಲ್ಜಿ ವಿಧಾನದಿಂದ ಬಣ್ಣ ಹಾಕಿ ನೋಡಲಾಯಿತು. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಕೋಶಗಳ ಕೊಂಬೆಗಳು ಕುಗ್ಗಿದ್ದವು. ಅಮಿಗ್ಡಲದ ಪಾರ್ಶ್ವ-ತಳ ಭಾಗದಲ್ಲಿ ಕೊಂಬೆಗಳು ಬೆಳೆದಿದ್ದವು. ಮತ್ತೆ 2004ರ ಅಧ್ಯಯನದಲ್ಲಿ, ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟರೂ ಅಮಿಗ್ಡಲದ ಆ ಬೆಳವಣಿಗೆ ಇಳಿಯಲಿಲ್ಲ, ಆತಂಕವೂ ಉಳಿಯಿತು ಎಂದು ಕಂಡುಬಂತು. ಭಯದ ಕಾರಣ ತೊಲಗಿದ ಮೇಲೂ ಭಯ ಉಳಿಯುವುದಕ್ಕೆ ಒಂದು ಭೌತಿಕ ಆಧಾರ ಇದರಿಂದ ದೊರೆಯಿತು.

ಇದು ಮಹತ್ತ್ವದ ಜ್ಞಾನ. ಇದರ ಬೆಲೆಯನ್ನು ತೆತ್ತ ಜೀವಿಗಳು ಒಪ್ಪಿಗೆ ಕೊಟ್ಟವಲ್ಲ ಎಂಬುದೂ ಅಷ್ಟೇ ಸತ್ಯ. ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಬದಲಿ ಹುಡುಕುವುದು, ಸಂಖ್ಯೆ ಕಡಿಮೆ ಮಾಡುವುದು, ನೋವು ತಗ್ಗಿಸುವುದು ಎಂಬ ಮೂರು ಸೂತ್ರಗಳನ್ನು 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಅವರು ಮುಂದಿಟ್ಟರು. ಭಾರತದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಅಡಿಯಲ್ಲಿ ಇಂಥ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯಿದೆ. ನಿಯಂತ್ರಣ ಹಿಂಸೆಯನ್ನು ಮಿತಗೊಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಅಹಿಂಸೆಯನ್ನು ನಂಬಿದ ಮನೆಯಲ್ಲಿಯೂ ಈ ಜ್ಞಾನದಿಂದ ಸಿದ್ಧವಾದ ಔಷಧ ಬಳಕೆಯಾಗುತ್ತದೆ. ಆ ಋಣವನ್ನು ಇಲ್ಲವೆಂದು ತೋರಿಸಿಕೊಳ್ಳುವುದು ಸುಳ್ಳು ಲೆಕ್ಕವಾಗುತ್ತದೆ.

ಮಾನವನ ಮಿದುಳಿನ ನೇರ ಅಧ್ಯಯನ ಎಷ್ಟು ಹೆಚ್ಚಿದರೆ ಅಷ್ಟರಮಟ್ಟಿಗೆ ಪ್ರಾಣಿಗಳ ಮೇಲಿನ ಅವಲಂಬನೆ ತಗ್ಗಲು ಅವಕಾಶವಿದೆ. ಇಲಿಯ ಫಲಿತಾಂಶ ಮನುಷ್ಯನಿಗೆ ಹಾಗೆಯೇ ಹೊಂದುವುದೂ ಇಲ್ಲ. ಅಪರೂಪದ ರೋಗದಿಂದ ಎರಡೂ ಅಮಿಗ್ಡಲಗಳು ನಾಶವಾಗಿದ್ದ ಅಮೆರಿಕದ ಮಹಿಳೆಯೊಬ್ಬರು ಎದುರಿನವರ ಮುಖದಲ್ಲಿ ಭಯವನ್ನು ಗುರುತಿಸಲಾರರೆಂದು 1994ರಲ್ಲಿ ವರದಿಯಾಯಿತು. ಅವರಿಗೆ ಭಯವೇ ಇಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದ್ದ ಗಾಳಿಯನ್ನು ಉಸಿರಾಡಿದಾಗ ಅವರೂ ದಿಗಿಲುಬಿದ್ದರೆಂದು 2013ರಲ್ಲಿ ಪ್ರಕಟವಾಯಿತು. ಅಮಿಗ್ಡಲವನ್ನು ಭಯದ ಪೀಠವೆಂದು ಸರಳವಾಗಿ ಕರೆಯುವಂತಿಲ್ಲ ಎಂಬುದು ಮನುಷ್ಯರಿಂದಲೇ ತಿಳಿದ ಪಾಠ.

ದಾನದ ಮಾತು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳು ಅಂಗಾಂಶ ಭಂಡಾರವೊಂದು ಕಾರ್ಯನಿರತವಾಗಿದೆ. ಅದನ್ನು ಕಟ್ಟಿದವರಲ್ಲಿ ನರರೋಗಶಾಸ್ತ್ರಜ್ಞರಾದ ಡಾ. ಎಸ್. ಕೆ. ಶಂಕರ್ ಅವರು ಪ್ರಮುಖರು. ಸಂಬಂಧಿಕರ ಒಪ್ಪಿಗೆಯಿಂದ ಬಂದ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡಲಾಗುತ್ತದೆ. ಸಾರ್ವಜನಿಕರು ನೋಡಬಹುದಾದ ಮಿದುಳಿನ ವಸ್ತುಸಂಗ್ರಹಾಲಯವೂ ಇದರೊಡನೆ ಇದೆ. ಮದರಾಸಿನ ಐ.ಐ.ಟಿ.ಯ ಮಿದುಳು ಸಂಶೋಧನಾ ಕೇಂದ್ರ 2024ರಲ್ಲಿ ಗರ್ಭಾವಸ್ಥೆಯ ಮಧ್ಯಭಾಗದ ಭ್ರೂಣಗಳ ಮಿದುಳಿನ 5,132 ಪದರುಗಳ ನಕ್ಷಾಸಂಪುಟವನ್ನು ಪ್ರಕಟಿಸಿತು. ಹೊರದೇಶದ ನಕ್ಷೆಗಳನ್ನೇ ನಂಬಿಕೊಂಡಿದ್ದ ಸ್ಥಿತಿ ಬದಲಾಗುತ್ತಿದೆ. ಹತ್ತು ಜನ ಜರ್ಮನರ ಮಿದುಳು ಎಲ್ಲ ಜನಾಂಗಗಳ ಮಿದುಳಲ್ಲ. ವ್ಯತ್ಯಾಸವನ್ನು ಲೆಕ್ಕಕ್ಕೆ ತರುವ ಪ್ರಾಮಾಣಿಕತೆ ಪೂರ್ಣಗೊಳ್ಳಬೇಕಾದರೆ ದಾನಿಗಳು ಎಲ್ಲ ನಾಡುಗಳಿಂದಲೂ ಬರಬೇಕು.

ಈ ಬಗೆಯ ದಾನದಲ್ಲಿ ಕುಟುಂಬಗಳಿಗೆ ತೊಡಕಾಗುವ ಸಂಗತಿಗಳು ಎರಡು. ಮೊದಲನೆಯದು ಕಾಲ. ಪ್ರಾಣ ಹೋದ ಮೇಲೆ ಮಿದುಳಿನ ಕೋಶಗಳು ಬೇಗ ಕೆಡುತ್ತವೆ. ಕೆಲವೇ ಗಂಟೆಗಳಲ್ಲಿ ಮಿದುಳನ್ನು ತೆಗೆದರೆ ಪರೀಕ್ಷೆಗೆ ಉತ್ತಮ. ಆ ಹೊತ್ತಿನಲ್ಲಿ ಮನೆಯವರು ಕುಳಿತು ಚರ್ಚಿಸುವ ಸ್ಥಿತಿಯಲ್ಲಿರುವುದಿಲ್ಲ. ಎರಡನೆಯದು ಅಂತ್ಯಕ್ರಿಯೆಯ ಚಿಂತೆ. ಇಡೀ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡುವುದು ಬೇರೆ, ಮಿದುಳನ್ನು ಮಾತ್ರ ಕೊಡುವುದು ಬೇರೆ. ಮಿದುಳನ್ನು ತೆಗೆದ ಮೇಲೆ ದೇಹವನ್ನು ಮನೆಯವರಿಗೆ ಒಪ್ಪಿಸಲಾಗುತ್ತದೆ, ಸಂಸ್ಕಾರಕ್ಕೆ ಅಡ್ಡಿಯಿಲ್ಲ. ಈ ಭೇದ ತಿಳಿಯದೆ ಎಷ್ಟೋ ಮನೆಗಳಲ್ಲಿ ಹಿರಿಯರ ಇಚ್ಛೆ ನೆರವೇರದೆ ಹೋಗಬಹುದು. ಇಚ್ಛೆಯಿದ್ದವರು ಆರೋಗ್ಯವಾಗಿರುವಾಗಲೇ ಅದನ್ನು ಬರೆದಿಟ್ಟು, ಮಕ್ಕಳಿಗೆ ಬಾಯಿಮಾತಿನಲ್ಲಿಯೂ ತಿಳಿಸಿಟ್ಟರೆ ಒಳ್ಳೆಯದು. ಇಚ್ಛೆಯಿಲ್ಲದವರನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಒತ್ತಾಯದಿಂದ ಬಂದದ್ದು ದಾನವೆನ್ನಿಸಿಕೊಳ್ಳುವುದಿಲ್ಲ. ಬರ್ಲಿನ್ನಿನ ಆ ಕಪಾಟುಗಳು ಕಲಿಸಿದ ಪಾಠವೂ ಇದೇ.

ಬುರ್ಡಾಖ್, ಗಾಲ್ಜಿ, ನಿಸ್ಲ್, ಕ್ರಾಸ್ಬಿ ಮೊದಲಾದವರ ಹೆಸರು ಗ್ರಂಥಗಳಲ್ಲಿ ಉಳಿದಿದೆ. ಡ್ಯುಸೆಲ್‌ಡಾರ್ಫಿನ ಆ ಐದು ಗಂಡಸರು, ಐದು ಹೆಂಗಸರು ಯಾರೆಂದು ನಕ್ಷೆಯನ್ನು ಬಳಸುವವರಿಗೆ ತಿಳಿಯದು. ಇಂದು ಯಾವುದೋ ಊರಿನ ಆಸ್ಪತ್ರೆಯಲ್ಲಿ ತರುಣ ಸಂಶೋಧಕನೊಬ್ಬ ರೋಗಿಯ ಮಿದುಳಿನ ಚಿತ್ರದ ಮೇಲೆ ಅಮಿಗ್ಡಲದ ಗಡಿಯನ್ನು ಗುರುತಿಸುವಾಗ, ಆ ಹತ್ತು ಮಂದಿಯ ದೇಹದ ಅಳತೆಯನ್ನೇ ಆಧಾರವಾಗಿ ಹಿಡಿದಿರುತ್ತಾನೆ. ಅವರು ಕೇಳಿಸಿಕೊಂಡು, ಯೋಚಿಸಿ, ಒಪ್ಪಿ ಕೊಟ್ಟರು. ಆದ್ದರಿಂದ ಆ ನಕ್ಷೆಯನ್ನು ಅಳುಕಿಲ್ಲದೆ ಬಳಸಬಹುದಾಗಿದೆ.